ಏಳು ಹತಾರದ ಸೆಟ್ಟು, ಎರಡೇ ಬ್ಯಾಟರಿ

ಹೋದ ತಿಂಗಳು ಇದೇ ಅಂಕಣದಲ್ಲಿ ಪೆಟ್ರೋಲ್ ಕಳೆ ಮಿಷನ್ನು ಆರು ತಿಂಗಳು ಮೂಲೆಯಲ್ಲಿಟ್ಟರೆ ಯಾಕೆ ಸ್ಟಾರ್ಟ್ ಆಗುವುದಿಲ್ಲ ಅಂತ ಬರೆದಿದ್ದೆ. ಎಥನಾಲ್ ಬೆರೆತ ಪೆಟ್ರೋಲ್, ಅದು ಹೀರಿಕೊಳ್ಳುವ ನೀರು, ಕಾರ್ಬುರೇಟರಿನಲ್ಲಿ ಕಟ್ಟಿಕೊಳ್ಳುವ ಅಂಟು ಇತ್ಯಾದಿ. ಕೊನೆಗೆ ‘ಬ್ಯಾಟರಿ ಮಿಷನ್ ವಿಷಯ ಇನ್ನೊಂದು ಸಲ’ ಅಂತ ಒಂದು ಸಾಲು ಸೇರಿಸಿದ್ದೇ ತಪ್ಪಾಯಿತು ನೋಡಿ, ಈ ತಿಂಗಳು ಬಂದ ಪತ್ರಗಳೆಲ್ಲ ಅದರದ್ದೇ. ಅರ್ಧ ನಮ್ಮ ಊರುಗಳಿಂದ, ಅರ್ಧ ಅಮೆರಿಕದಿಂದ. ನಾನು ವರ್ಷದಲ್ಲಿ ಎಂಟು ತಿಂಗಳು ಸಾಗರದ ಹತ್ತಿರದ ತೋಟದಲ್ಲಿ, ಉಳಿದ ನಾಲ್ಕು ತಿಂಗಳು ನ್ಯೂ ಜೆರ್ಸಿಯಲ್ಲಿ ಮಗಳ ಮನೆಯ ಹುಲ್ಲು ಕತ್ತರಿಸುತ್ತಾ ಇರುವವನು. ಹಾಗಾಗಿ ಎರಡೂ ಕಡೆಯವರಿಗೆ ಉತ್ತರ ಹೇಳುವ ಧೈರ್ಯ ಮಾಡುತ್ತಿದ್ದೇನೆ.

ಪ್ರಶ್ನೆ: ನಮಸ್ಕಾರ ಸರ್. ನಾವು ಟೆಕ್ಸಸ್‌ನ ಫ್ರಿಸ್ಕೊದಲ್ಲಿದ್ದೇವೆ. ಡಿಸೆಂಬರ್‌ನಲ್ಲಿ ಮೊದಲ ಸ್ವಂತ ಮನೆ ತಗೊಂಡೆವು. ಜಾಗ ಒಟ್ಟು 7,500 ಚದರಡಿ, ಹುಲ್ಲಿರುವುದು ಹಿಂದೆ ಮುಂದೆ ಸೇರಿ 4,000 ಚದರಡಿ. ಚಳಿಗಾಲವಿಡೀ ಹುಲ್ಲು ಒಣಗಿ ಕಂದು ಬಣ್ಣಕ್ಕಿತ್ತು, ನಾವೂ ಸುಮ್ನೆ ಇದ್ದೆವು. ಏಪ್ರಿಲ್ ಬಂದದ್ದೇ ಎದ್ದು ನಿಂತಿತು, ಹಿಂದೆಯೇ ಎಚ್‌ಒಎ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘದಿಂದ ಎಚ್ಚರಿಕೆ ಪತ್ರವೂ ಬಂತು. ಅಂಗಡಿಯಲ್ಲಿ ಮೋವರ್ (ಹುಲ್ಲು ಕತ್ತರಿಸುವುದು), ಟ್ರಿಮ್ಮರ್ (ಅಂಚು ಸವರುವುದು), ಬ್ಲೋವರ್ (ಎಲೆ ಊದುವುದು), ಹೆಡ್ಜ್ ಟ್ರಿಮ್ಮರ್ (ಬೇಲಿ ಗಿಡ ಸವರುವುದು), ಚೈನ್ ಸಾ (ಮರ ಕೊಯ್ಯುವ ಗರಗಸ) ಐದೂ ಸೇರಿದ ಬ್ಯಾಟರಿ ಸೆಟ್‌ಗಳಿವೆ. ಒಂದು 40 ವೋಲ್ಟ್, ಒಂದು 56, ಒಂದು 80. ನನ್ನ ಯಜಮಾನರು 80ರದ್ದೇ ಬೇಕು ಅಂತಾರೆ. ನನಗೇಕೋ ಅಷ್ಟು ಬೇಕಾ ಅನ್ನಿಸುತ್ತಿದೆ.

ಉತ್ತರ: ಮೊದಲು ನಿಮ್ಮಿಬ್ಬರ ಚರ್ಚೆ ಮುಗಿಸೋಣ. ನೀವೇ ಸರಿ.

ಡಬ್ಬದ ಮೇಲೆ ಅಂಗೈಯಗಲ ಅಕ್ಷರದಲ್ಲಿ ಬರೆಯುವುದು ವೋಲ್ಟ್. ನೀವು ನೋಡಬೇಕಾದ್ದು ಬ್ಯಾಟರಿಯ ಬೆನ್ನ ಮೇಲೆ ಇರುವೆಯಷ್ಟು ಸಣ್ಣದಾಗಿ ಬರೆದಿರುವ ವ್ಯಾಟ್-ಅವರ್. ಈ ಬ್ಯಾಟರಿಗಳ ಒಳಗೆ ಇರುವುದೆಲ್ಲ ಒಂದೇ ಜಾತಿಯ ಲಿಥಿಯಂ ಸೆಲ್‌ಗಳು. ಒಂದೊಂದೂ ಕೆಲಸದ ಹೊತ್ತಿನಲ್ಲಿ ಸುಮಾರು 3.6 ವೋಲ್ಟ್ ಕೊಡುತ್ತದೆ, ಪೂರ್ತಿ ಚಾರ್ಜ್ ಆದ ಗಳಿಗೆಯಲ್ಲಿ 4ರ ಮೇಲಿರುತ್ತದೆ. ಐದು ಸೆಲ್ ಸಾಲಾಗಿ ಜೋಡಿಸಿದರೆ 18 ವೋಲ್ಟ್. ಅದನ್ನೇ ಅಮೆರಿಕದಲ್ಲಿ ‘20 ವೋಲ್ಟ್ ಮ್ಯಾಕ್ಸ್’ ಅಂತ ಮಾರುತ್ತಾರೆ, ಒಳಗಿನ ಸರಕು ಅದೇ. ಹತ್ತು ಜೋಡಿಸಿದರೆ 36, ಅಂದರೆ ಡಬ್ಬದ ಮೇಲಿನ 40. ಹಾಗೆಯೇ ಹದಿನಾಲ್ಕು ಜೋಡಿಸಿದರೆ ಡಬ್ಬದ ಮೇಲೆ 56, ಇಪ್ಪತ್ತಕ್ಕೆ 80. ಹಾಗಾಗಿ ವೋಲ್ಟ್ ಅನ್ನುವುದು ನೀರಿನ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಅನ್ನುವ ಲೆಕ್ಕ. ಟ್ಯಾಂಕಿನಲ್ಲಿ ನೀರೆಷ್ಟಿದೆ ಅಂತ ತಿಳಿಯಬೇಕಾದರೆ ವೋಲ್ಟನ್ನು ಆಂಪಿಯರ್-ಅವರಿನಿಂದ ಗುಣಿಸಬೇಕು, ಬರುವುದೇ ವ್ಯಾಟ್-ಅವರ್.

ಈಗ ನೋಡಿ. 80 ವೋಲ್ಟಿನ ಸೆಟ್ಟಿನಲ್ಲಿ 2 ಆಂಪಿಯರ್-ಅವರಿನ ಬ್ಯಾಟರಿ ಕೊಟ್ಟಿದ್ದರೆ, ಇಪ್ಪತ್ತು ಸೆಲ್ಲಿಗೆ 3.6ರಂತೆ 72 ವೋಲ್ಟ್, 72 ಗುಣಿಸು 2, ಬರೀ 144 ವ್ಯಾಟ್-ಅವರ್. 40 ವೋಲ್ಟಿನದ್ದರಲ್ಲಿ 6 ಇದ್ದರೆ 36 ಗುಣಿಸು 6, 216. ಯಾವುದು ದೊಡ್ಡದು? ಹಾಗಂತ ವೋಲ್ಟಿಗೆ ಬೆಲೆಯೇ ಇಲ್ಲ ಅಂತಲ್ಲ. ಮೋವರಿನಂಥ ಭಾರದ ಕೆಲಸಕ್ಕೆ ವೋಲ್ಟ್ ಜಾಸ್ತಿ ಇದ್ದರೆ ಕರೆಂಟ್ ಕಡಿಮೆ ಹರಿದು ವೈರು, ಮೋಟಾರು ತಣ್ಣಗಿರುತ್ತವೆ. ನಿಮ್ಮ ಹುಲ್ಲಿಗೆ 40 ಧಾರಾಳ ಸಾಕು, 56 ಇನ್ನೂ ಆರಾಮ. 80 ಬೇಕಾಗುವುದು ಅರ್ಧ ಎಕರೆ, ಅಂದರೆ ನಮ್ಮ ಲೆಕ್ಕದಲ್ಲಿ 20 ಗುಂಟೆ ಹುಲ್ಲು ಇರುವವರಿಗೆ. ನಿಮ್ಮದು ನಾಲ್ಕು ಗುಂಟೆಗೂ ಕಡಿಮೆ.

ಅಂದಹಾಗೆ, ನಿಮ್ಮ ಅಂಗಳದಲ್ಲಿ ಇರುವುದು ಬರ್ಮುಡಾ ಹುಲ್ಲೇ ಇರಬೇಕು, ಚಳಿಗೆ ಕಂದಾಗಿತ್ತು ಅಂದಿರಲ್ಲ. ಅದು ಬೇರೆ ಯಾವುದೂ ಅಲ್ಲ, ನಮ್ಮ ಗರಿಕೆ. ಚೌತಿಗೆ ಗಣಪತಿಗೆ ಏರಿಸುವ ಅದೇ ಗರಿಕೆಗಾಗಿ ನೀವು ಎಚ್‌ಒಎಯಿಂದ ಪತ್ರ ತಿಂದಿದ್ದೀರಿ! ಗರಿಕೆಯನ್ನು ಒಂದರಿಂದ ಎರಡು ಇಂಚಿನಷ್ಟು ಗಿಡ್ಡ ಇಟ್ಟರೆ ಚೆನ್ನಾಗಿ ಹಬ್ಬುತ್ತದೆ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬೇಡಿ. ಇದು ಹುಲ್ಲಿನ ಆರೋಗ್ಯಕ್ಕೆ ಅಂತ ಎಲ್ಲರೂ ಹೇಳುತ್ತಾರೆ, ಬ್ಯಾಟರಿಗೂ ಅದೇ ಒಳ್ಳೆಯದು. ವಾರವಾರ ಕತ್ತರಿಸುವವರ ಬ್ಯಾಟರಿಯಲ್ಲಿ ಕೆಲಸ ಮುಗಿದ ಮೇಲೂ ಎರಡು ಕಡ್ಡಿ ಉಳಿದಿರುತ್ತದೆ, ಮೂರು ವಾರ ಬಿಟ್ಟು ಮೊಣಕಾಲುದ್ದ ಬೆಳೆಸಿದವರದ್ದು ಅರ್ಧದಲ್ಲೇ ನಿಂತು ‘ಈ ಬ್ಯಾಟರಿ ಮಿಷನ್ನೇ ಸರಿಯಿಲ್ಲ’ ಅಂತಾರೆ.

ಇನ್ನು ಸೆಟ್ಟಿನ ವಿಷಯ. ಇಲ್ಲಿ ನಾನೇ ಟೋಪಿ ಹಾಕಿಸಿಕೊಂಡವನು, ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಮಗಳ ಮನೆಗೆ ಅಂತ ಅಳಿಯನ ಮಾತು ಮೀರಿ ಏಳು ಹತಾರದ ಒಂದು ಸೆಟ್ ಕೊಡಿಸಿದೆ. ರಿಯಾಯಿತಿ ದಿನ, ದೊಡ್ಡ ಡಬ್ಬ, ಏಳು ಸಾಮಾನು, ಇಷ್ಟು ಅಗ್ಗಕ್ಕೆ ಬಿಟ್ಟರೆ ಸಿಗಲ್ಲ ಅನ್ನಿಸಿತು. ಮನೆಗೆ ತಂದು ಬಿಚ್ಚಿದರೆ ಹತಾರ ಏಳು, ಬ್ಯಾಟರಿ ಎರಡು, ಅವೂ ಚಿಕ್ಕವು. ಚಾರ್ಜರ್ ಒಂದೇ, ಅದಕ್ಕೆ ಅವಸರ ಅನ್ನುವುದೇ ಗೊತ್ತಿಲ್ಲ. ಮೋವರ್ ಎರಡೂ ಬ್ಯಾಟರಿಯನ್ನು ನುಂಗಿಕೊಂಡು ಕೂರುತ್ತಿತ್ತು, ಆಮೇಲೆ ಅಂಚು ಕತ್ತರಿಸಬೇಕಾದರೆ ಎರಡು ಗಂಟೆ ಕಾಯಬೇಕು. ಅಷ್ಟರಲ್ಲಿ ಊಟ ಆಗಿ, ನಿದ್ದೆ ಆಗಿ, ಮಳೆ ಬಂದಿರುತ್ತಿತ್ತು. ಏಳರಲ್ಲಿ ಮೂರು ಹತಾರ ಇವತ್ತಿಗೂ ಹೊಸದಾಗೇ ಇವೆ, ಯಾಕೆಂದರೆ ಯಾರೂ ಮುಟ್ಟಿಲ್ಲ. ಮೂರನೇ ವರ್ಷ ಆ ಕಂಪನಿ ಬ್ಯಾಟರಿಯ ಆಕಾರವನ್ನೇ ಬದಲಾಯಿಸಿತು. ಹಳೇ ಬ್ಯಾಟರಿ ಸತ್ತವು, ಹೊಸವು ಕೂರುವುದಿಲ್ಲ, ಮಿಷನ್ನುಗಳು ಮಾತ್ರ ಗಟ್ಟಿಮುಟ್ಟಾಗಿ ಗ್ಯಾರೇಜಿನ ಗೋಡೆಗೆ ನೇತಾಡುತ್ತಿವೆ. ಅಳಿಯ ಒಳ್ಳೆಯವನು, ಏನೂ ಅನ್ನಲಿಲ್ಲ.

ಅದಕ್ಕೇ ಹೇಳುವುದು, ನೀವು ತಗೊಳ್ಳುತ್ತಿರುವುದು ಮೋವರ್ ಅಲ್ಲ, ಒಂದು ಬ್ಯಾಟರಿಯ ಮನೆತನ. ಹೆಣ್ಣು ಕೊಡುವಾಗ ವಿಚಾರಿಸುವಂತೆ ವಿಚಾರಿಸಿ. ಈ ಆಕಾರದ ಬ್ಯಾಟರಿ ಎಷ್ಟು ವರ್ಷದಿಂದ ಇದೆ? ರಿಯೋಬಿಯವರ 18 ವೋಲ್ಟಿನ ಬ್ಯಾಟರಿ 1996ರಿಂದ ಅದೇ ಆಕಾರದಲ್ಲಿದೆ, ಅದು ಸಣ್ಣ ಮಾತಲ್ಲ. ಆದರೆ ಅವರದ್ದೇ 40 ವೋಲ್ಟಿನದ್ದು ಬೇರೆ ಕುಟುಂಬ, ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಡಿವಾಲ್ಟ್‌ನ 60 ವೋಲ್ಟ್ ಫ್ಲೆಕ್ಸ್‌ವೋಲ್ಟ್ ಬ್ಯಾಟರಿ 20 ವೋಲ್ಟಿನ ಡ್ರಿಲ್ಲಿಗೂ ಕೂರುತ್ತದೆ, ಆದರೆ 20ರ ಬ್ಯಾಟರಿಯಿಂದ 60ರ ಮಿಷನ್ ಓಡುವುದಿಲ್ಲ. ಮಕೀಟಾದಲ್ಲಿ ಎರಡು 18 ವೋಲ್ಟಿನ ಬ್ಯಾಟರಿ ಒಟ್ಟಿಗೆ ಹಾಕಿ ಓಡಿಸುವ ಮೋವರ್ ಇದೆ, ಮನೆಯಲ್ಲಿ ಅವರ ಡ್ರಿಲ್ ಮೊದಲೇ ಇದ್ದವರಿಗೆ ಅದು ಜಾಣತನ. ಈಗೊ 56 ವೋಲ್ಟಿನದ್ದು ಒಂದೇ ಕುಟುಂಬ, ಗೊಂದಲವಿಲ್ಲ, ಬೆಲೆ ಸ್ವಲ್ಪ ಬಿಗಿ. ಇನ್ನೊಂದು, ಅಲ್ಲಿ ಬ್ರ್ಯಾಂಡ್ ಅಂದರೆ ಅಂಗಡಿಯೂ ಹೌದು. ರಿಯೋಬಿ ಅಂದರೆ ಹೋಮ್ ಡಿಪೊ, ಕೋಬಾಲ್ಟ್ ಅಂದರೆ ಲೋಸ್. ನಿಮ್ಮ ಮನೆಗೆ ಯಾವ ಅಂಗಡಿ ಹತ್ತಿರ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ನಾನಾದರೆ ಐದರ ಸೆಟ್ ಬಿಟ್ಟು ಮೂರರದ್ದು ತಗೊಳ್ಳುತ್ತೇನೆ: ಮೋವರ್, ಟ್ರಿಮ್ಮರ್, ಬ್ಲೋವರ್. ಮೋವರಿಗೆ 200 ವ್ಯಾಟ್-ಅವರ್ ದಾಟಿದ ಒಂದು ದೊಡ್ಡ ಬ್ಯಾಟರಿ, ಉಳಿದವಕ್ಕೆ 100ರ ಆಸುಪಾಸಿನ ಒಂದು ಚಿಕ್ಕದು. ಟ್ರಿಮ್ಮರಿಗೆ ದೊಡ್ಡ ಬ್ಯಾಟರಿ ಹಾಕಿದರೆ ತೋಳು ಸೋಲುತ್ತದೆ, ಅದಕ್ಕೆ ಚಿಕ್ಕದೇ ಸರಿ. ಹೆಡ್ಜ್ ಟ್ರಿಮ್ಮರ್ ವರ್ಷಕ್ಕೆ ಎರಡು ಸಲದ ಕೆಲಸ, ಪಕ್ಕದ ಮನೆಯವರ ಹತ್ತಿರ ಇದ್ದೇ ಇರುತ್ತದೆ. ಇಲ್ಲವಾದರೆ ಮುಂದೆ ಬ್ಯಾಟರಿ ಇಲ್ಲದ ಬಿಡಿ ಮಿಷನ್ ಮಾತ್ರ ತಗೊಂಡರಾಯಿತು, ಅದು ಅಗ್ಗ. ಹೊಸ ಬಡಾವಣೆಯ ಅಂಗಳದಲ್ಲಿ ಬೆರಳು ಗಾತ್ರದ ಎರಡು ಗಿಡ ಇರುತ್ತವೆ, ಅದಕ್ಕೆ ಚೈನ್ ಸಾ ಯಾಕಮ್ಮಾ? ಮರ ಬಿದ್ದ ದಿನ ಹೋಮ್ ಡಿಪೊದಲ್ಲಿ ಬಾಡಿಗೆಗೇ ಸಿಗುತ್ತದೆ.

ಬೆಲೆ ಹೋಲಿಸುವುದಕ್ಕೆ ಒಂದು ಉಪಾಯ. ಸೆಟ್ಟಿನ ಬೆಲೆಯಿಂದ ಅದರೊಳಗಿನ ಬ್ಯಾಟರಿ, ಚಾರ್ಜರುಗಳನ್ನು ಬಿಡಿಯಾಗಿ ಕೊಂಡರೆ ಎಷ್ಟಾಗುತ್ತದೋ ಅದನ್ನು ಕಳೆಯಿರಿ. ಉಳಿದದ್ದು ಹತಾರಗಳ ಬೆಲೆ. ಅದನ್ನು ನೀವು ನಿಜವಾಗಿ ಬಳಸುವ ಹತಾರಗಳ ಸಂಖ್ಯೆಯಿಂದ ಭಾಗಿಸಿ, ಡಬ್ಬದಲ್ಲಿರುವ ಸಂಖ್ಯೆಯಿಂದ ಅಲ್ಲ. ಗ್ಯಾರಂಟಿ ಚೀಟಿಯನ್ನೂ ಓದಿ, ಮಿಷನ್ನಿಗೆ ಐದು ವರ್ಷ ಅಂತ ದೊಡ್ಡದಾಗಿ ಹಾಕಿ ಬ್ಯಾಟರಿಗೆ ಮೂರೇ ವರ್ಷ ಕೊಡುವುದು ಮಾಮೂಲು. ಹಾಗೆಯೇ ಮೋಟಾರು ‘ಬ್ರಷ್‌ಲೆಸ್’ ಅಂತ ಇದೆಯಾ ನೋಡಿ. ಸೆಟ್ಟಿನಲ್ಲಿ ಮೋವರ್ ಮಾತ್ರ ಬ್ರಷ್‌ಲೆಸ್ ಇಟ್ಟು ಉಳಿದದ್ದನ್ನೆಲ್ಲ ಹಳೇ ನಮೂನೆ ತುರುಕುವುದುಂಟು. ಕಾರ್ಬನ್ ಬ್ರಷ್ ಉಜ್ಜುವುದಿಲ್ಲವಾದ್ದರಿಂದ ಈ ಮೋಟಾರು ಸವೆಯುವುದು ಕಡಿಮೆ, ಅದೇ ಬ್ಯಾಟರಿಯಲ್ಲಿ ಜಾಸ್ತಿ ಹೊತ್ತು ಓಡುತ್ತದೆ.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನವರು. ನಮ್ಮಲ್ಲಿ 12 ವರ್ಷದ ಪೆಟ್ರೋಲ್ ಮೋವರ್ ಇದೆ, ಇನ್ನೂ ಚೆನ್ನಾಗಿ ಓಡುತ್ತದೆ. ಇಲ್ಲಿ ಪೆಟ್ರೋಲ್ ಮಿಷನ್ ನಿಷೇಧ ಆಗಿದೆ, ಸಿಕ್ಕಿದರೆ ದಂಡ ಹಾಕುತ್ತಾರೆ ಅಂತ ಗೆಳೆಯರು ಹೆದರಿಸುತ್ತಿದ್ದಾರೆ. ಬ್ಯಾಟರಿ ಸೆಟ್ ತಗೊಳ್ಳಲೇಬೇಕಾ?

ಉತ್ತರ: ಗೆಳೆಯರು ಅರ್ಧ ಸುದ್ದಿ ಕೇಳಿದ್ದಾರೆ. 2021ರಲ್ಲಿ ಅಲ್ಲಿ ಎಬಿ 1346 ಅನ್ನುವ ಕಾನೂನು ಬಂತು, ಅದರ ಪ್ರಕಾರ 2024ರ ಮಾಡೆಲ್‌ನಿಂದ ಮುಂದೆ ತಯಾರಾಗುವ ಮೋವರ್, ಬ್ಲೋವರ್, ಟ್ರಿಮ್ಮರುಗಳು ಹೊಗೆ ಉಗುಳಬಾರದು. ಅದು ಹೊಸದಾಗಿ ತಯಾರಿಸಿ ಮಾರುವವರಿಗೆ ಹಾಕಿದ ಕಟ್ಟು. ಮನೆಯಲ್ಲಿರುವ ಹಳೆಯದನ್ನು ಓಡಿಸುವುದಕ್ಕೆ ರಾಜ್ಯದ ಅಡ್ಡಿಯಿಲ್ಲ. ಊರಿನ ನಿಯಮ ಮಾತ್ರ ಬೇರೆ ಬೇರೆ ಇರುತ್ತದೆ, ನಿಮ್ಮ ಹತ್ತಿರದ ಪಾಲೊ ಆಲ್ಟೊದಲ್ಲಿ ಮನೆಗಳಿರುವ ಕಡೆ ಪೆಟ್ರೋಲ್ ಬ್ಲೋವರಿಗೆ ಬಹಳ ಹಿಂದೆಯೇ ತಡೆ ಹಾಕಿದ್ದಾರೆ. ನಿಮ್ಮ ಸಿಟಿಯ ನಿಯಮ ಒಮ್ಮೆ ನೋಡಿಕೊಳ್ಳಿ. ಓಡುವಷ್ಟು ದಿನ ಓಡಿಸಿ, ಅದು ಕೈಕೊಟ್ಟಾಗ ಬ್ಯಾಟರಿಗೆ ಹೋಗಿ. ಚೆನ್ನಾಗಿರುವ ಮಿಷನ್ ಎಸೆಯುವುದಕ್ಕೆ ನನ್ನ ಮನಸ್ಸಂತೂ ಒಪ್ಪದು.

ಪ್ರಶ್ನೆ: ನ್ಯೂ ಜೆರ್ಸಿಯ ಎಡಿಸನ್‌ನಲ್ಲಿ ನಮ್ಮ ಮನೆ, ಹಿಂದೆ ನಾಲ್ಕು ದೊಡ್ಡ ಓಕ್ ಮರ. ಅಕ್ಟೋಬರ್ ಬಂದರೆ ಎಲೆಯೋ ಎಲೆ. ಸೆಟ್ಟಿನ ಜೊತೆ ಬಂದ ಬ್ಲೋವರ್ ಉಫ್ ಅಂತ ಊದುತ್ತದೆ, ಐದು ನಿಮಿಷಕ್ಕೆ ಸುಸ್ತು. ಮೇಲೆ ಗಂಟೆಗೆ 120 ಮೈಲಿ ಅಂತ ಬರೆದಿದೆ. ಇದಕ್ಕಿಂತ ವೇಗದ್ದು ತಗೊಳ್ಳಬೇಕಾ?

ಉತ್ತರ: ನೀವು ನಮ್ಮ ಮಗಳ ಮನೆಯಿಂದ ಬಹಳ ದೂರವಿಲ್ಲ ಅಂತಾಯಿತು! ಮೈಲಿ ಬಿಡಿ, ಸಿಎಫ್‌ಎಂ ನೋಡಿ. ಮೈಲಿ ಅನ್ನುವುದು ಗಾಳಿಯ ವೇಗ, ಸಿಎಫ್‌ಎಂ ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಬರುತ್ತದೆ ಅಂತ. ಮೂತಿ ಚಿಕ್ಕದು ಮಾಡಿದರೆ ವೇಗ ತಾನಾಗೇ ಏರುತ್ತದೆ, ಊದುಗೊಳವೆಯ ಹಾಗೆ. ಒಲೆ ಹೊತ್ತಿಸಲು ಊದುಗೊಳವೆ ಸರಿ, ಎಲೆ ರಾಶಿ ತಳ್ಳಲು ಮೊರ ಬೇಕು. ಓಕ್ ಎಲೆಗೆ 500 ಸಿಎಫ್‌ಎಂ ಮೇಲಿನದ್ದು ತಗೊಳ್ಳಿ. ಸೆಟ್ಟಿನಲ್ಲಿ ಕೊಡುವ ಬ್ಲೋವರ್ ಸಾಮಾನ್ಯವಾಗಿ ಗ್ಯಾರೇಜ್ ಗುಡಿಸುವುದಕ್ಕೆ ಲಾಯಕ್ಕಾದದ್ದು.

ಬ್ಯಾಟರಿ ಬೇಗ ಸಾಯುವುದರಲ್ಲಿ ಆಶ್ಚರ್ಯವಿಲ್ಲ. ಎಲ್ಲ ಹತಾರಗಳಲ್ಲಿ ದೊಡ್ಡ ಹೊಟ್ಟೆಬಾಕ ಬ್ಲೋವರೇ. ಪೂರ್ತಿ ಒತ್ತಿ ಹಿಡಿದರೆ 1,000 ವ್ಯಾಟ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ, 18 ವೋಲ್ಟಿನ 4 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದೇ 72 ವ್ಯಾಟ್-ಅವರ್, ನಾಲ್ಕು ನಿಮಿಷ ಚಿಲ್ಲರೆಗೆ ಖಾಲಿ. ಹಸಿ ಎಲೆ ಊದಬೇಡಿ, ಒಣಗಲು ಬಿಡಿ. ಅರ್ಧ ವೇಗದಲ್ಲಿ ತಳ್ಳಿ, ಅಂಟಿಕೊಂಡ ಕಡೆ ಮಾತ್ರ ಟರ್ಬೊ ಒತ್ತಿ. ಇನ್ನೂ ಸುಲಭ ಅಂದರೆ ತೆಳುವಾಗಿ ಬಿದ್ದಾಗಲೇ ಮೋವರ್ ಓಡಿಸಿ ಎಲೆಯನ್ನು ಪುಡಿ ಮಾಡಿ ಹುಲ್ಲಿಗೇ ಬಿಟ್ಟುಬಿಡುವುದು, ಗೊಬ್ಬರವಾಗುತ್ತದೆ. ಸಾಗರದಲ್ಲಿ ನಾವು ಕೊಟ್ಟಿಗೆಗೆ, ತೋಟಕ್ಕೆ ಅಂತ ದರಗು ಗುಡಿಸಿ ಹೊರೆ ಹೊರೆ ಹೊತ್ತು ತರುತ್ತೇವೆ. ಅಲ್ಲಿ ಅದನ್ನೇ ಚೀಲಕ್ಕೆ ತುಂಬಿ ರಸ್ತೆ ಬದಿಗೆ ಇಡುವುದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ನಮಸ್ಕಾರ ಮಾರಾಯ್ರೆ. ಪುತ್ತೂರು ಹತ್ತಿರ ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ, ಮಧ್ಯೆ ಕೊಕ್ಕೊ, ಕಾಳುಮೆಣಸು ಉಂಟು. ಹುಲ್ಲು ಹೆರೆಯಲಿಕ್ಕೆ ಜನ ಇಲ್ಲ, ಇದ್ದರೂ ನಮ್ಮ ಸಮಯಕ್ಕೆ ಬರುವುದಿಲ್ಲ. ಮಗ ಸಿಯಾಟಲ್‌ನಲ್ಲಿ ಇದ್ದಾನೆ, ಡಿಸೆಂಬರಿಗೆ ಬರುವಾಗ 56 ವೋಲ್ಟಿನ ಟ್ರಿಮ್ಮರ್, ಬ್ಲೋವರ್, ಚೈನ್ ಸಾ ಸೆಟ್ ತರುತ್ತೇನೆ ಅಂತಾನೆ. ತರಿಸುವುದಾ ಬೇಡವಾ?

ಉತ್ತರ: ಬೇಡ ಮಾರಾಯ್ರೆ. ಮಗನ ಪ್ರೀತಿ ದೊಡ್ಡದು, ಆದರೆ ಅದು ಏರ್‌ಪೋರ್ಟ್ ದಾಟುವುದಿಲ್ಲ.

ವಿಮಾನದ ನಿಯಮ ಹೀಗೆ. ಬಿಡಿ ಲಿಥಿಯಂ ಬ್ಯಾಟರಿಯನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕುವ ಹಾಗಿಲ್ಲ, ಕೈಚೀಲದಲ್ಲೇ ತರಬೇಕು, ತುದಿಗಳಿಗೆ ಟೇಪ್ ಸುತ್ತಿರಬೇಕು. 100 ವ್ಯಾಟ್-ಅವರ್ ತನಕ ತೊಂದರೆ ಇಲ್ಲ. 100ರಿಂದ 160ರ ತನಕ ಏರ್‌ಲೈನ್ಸಿನ ಒಪ್ಪಿಗೆ ಬೇಕು, ಅದೂ ಎರಡೇ. 160ರ ಮೇಲಿನದ್ದು ಪ್ರಯಾಣಿಕರು ತರುವಂತೆಯೇ ಇಲ್ಲ. 56 ವೋಲ್ಟಿನ 5 ಆಂಪಿಯರ್-ಅವರ್ ಬ್ಯಾಟರಿ ಸುಮಾರು 250 ದಾಟುತ್ತದೆ. ಸೆಕ್ಯೂರಿಟಿಯವರು ಪಕ್ಕಕ್ಕೆ ತೆಗೆದಿಟ್ಟರೆ ಮಗ ಬರೀ ಮಿಷನ್ ಹಿಡಿದುಕೊಂಡು ಮಂಗಳೂರಿಗೆ ಇಳಿಯುತ್ತಾನೆ. ಹಾಗೂ ಚಿಕ್ಕ ಬ್ಯಾಟರಿ ತಂದ ಅಂತಲೇ ಇಟ್ಟುಕೊಳ್ಳಿ, ಅಲ್ಲಿಯ ಮನೆ ಕರೆಂಟು 120 ವೋಲ್ಟ್, ನಮ್ಮದು 230. ಚಾರ್ಜರಿನ ಬೆನ್ನಿಗೆ 100-240 ಅಂತ ಬರೆದಿದ್ದರೆ ಸರಿ, ಬರೀ 120 ಇದ್ದರೆ ನೇರ ಸಿಕ್ಕಿಸಿದ ಕೂಡಲೇ ಹೊಗೆ. ಮುಂದೆ ಬ್ಯಾಟರಿ ಸತ್ತರೆ ಇಲ್ಲಿ ಅದೇ ಸಿಗಬೇಕಲ್ಲ? ಅಲ್ಲಿಯ ಗ್ಯಾರಂಟಿ ಇಲ್ಲಿ ನಡೆಯುವುದಿಲ್ಲ.

ಇದೆಲ್ಲಕ್ಕಿಂತ ದೊಡ್ಡ ವಿಷಯ, ಆ ಟ್ರಿಮ್ಮರ್ ಮಾಡಿರುವುದು ಅಲ್ಲಿಯ ಅಂಗಳದ ಅಂಚಿಗೆ. ನೈಲಾನ್ ದಾರದಲ್ಲಿ ಮೆತ್ತನೆ ಹುಲ್ಲು ಸವರುವುದಕ್ಕೆ. ಜುಲೈ ತಿಂಗಳ ಪುತ್ತೂರಿನ ತೋಟ ಅಂದರೆ ಸೊಂಟದವರೆಗೆ ಹುಲ್ಲು, ಅದರಲ್ಲಿ ಬಳ್ಳಿ, ನಾಚಿಕೆ ಮುಳ್ಳು. ಲೆಕ್ಕ ಹಾಕಿ ನೋಡೋಣ. ನಮ್ಮಲ್ಲಿ ಓಡುವ 35 ಸಿಸಿಯ ಪೆಟ್ರೋಲ್ ಬ್ರಷ್ ಕಟರ್ (ಕಳೆ ಮಿಷನ್) ಸುಮಾರು 1 ಕಿಲೋವ್ಯಾಟಿನದ್ದು. ಸರಾಸರಿ ಅದರ ಅರ್ಧ ಶಕ್ತಿಯೇ ಖರ್ಚಾಗುತ್ತದೆ ಅಂದರೂ ಐದು ಗಂಟೆಯ ಕೆಲಸಕ್ಕೆ 2,500 ವ್ಯಾಟ್-ಅವರ್ ಬೇಕು. 250ರ ಬ್ಯಾಟರಿ ಹತ್ತು! ಒಂದು ಲೀಟರ್ ಪೆಟ್ರೋಲಿನಲ್ಲಿ 9,000 ವ್ಯಾಟ್-ಅವರಿನಷ್ಟು ಶಾಖ ಇದೆ, ಎಂಜಿನ್ ಅದರಲ್ಲಿ ನಾಲ್ಕು ಪಾಲು ಹಾಳು ಮಾಡಿ ಒಂದು ಪಾಲು ಕೆಲಸಕ್ಕೆ ಕೊಟ್ಟರೂ 1,800. ಅಂಥ ಎಂಟು-ಹತ್ತು ಬ್ಯಾಟರಿ ಹೊತ್ತು ತೋಟಕ್ಕೆ ಇಳಿಯುವುದೂ, ಒಂದು ಬಾಟಲಿ ಪೆಟ್ರೋಲ್ ಹಿಡಿದು ಇಳಿಯುವುದೂ ಒಂದೇ ಅಲ್ಲ. ನಾನು ಬ್ಯಾಟರಿಯ ಪರ ಇರುವವನು, ಆದರೂ ಹೇಳುತ್ತೇನೆ, ಎರಡೂವರೆ ಎಕರೆಯ ಕಳೆಗೆ ಇವತ್ತಿಗೂ ಪೆಟ್ರೋಲೇ.

ಹಾಗಾದರೆ ತೋಟದಲ್ಲಿ ಬ್ಯಾಟರಿಗೆ ಜಾಗವೇ ಇಲ್ಲವಾ? ಉಂಟು, ಮತ್ತು ನೀವು ಈಗಾಗಲೇ ಬಳಸುತ್ತಿದ್ದೀರಿ. ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರ್ ಇದೆಯಲ್ಲ, 12 ವೋಲ್ಟ್ 8 ಆಂಪಿಯರ್-ಅವರಿನದ್ದು, ಲೆಕ್ಕಕ್ಕೆ 96 ವ್ಯಾಟ್-ಅವರ್. ಮೆಣಸಿನ ಬಳ್ಳಿ ಬುಡಕ್ಕೆ ಬೋರ್ಡೊ ದ್ರಾವಣ (ರೋಗದ ಮದ್ದು) ಹೊಡೆಯಲು ಅದು ಅರ್ಧ ದಿನ ಬರುತ್ತದೆ, ಯಾಕೆಂದರೆ ಪಂಪಿಗೆ ಶಕ್ತಿ ಕಡಿಮೆ ಸಾಕು. ಅದೇ ತರ್ಕದಲ್ಲಿ ಇನ್ನೊಂದು: ಒಂದು ಕೈಯಳತೆಯ ಬ್ಯಾಟರಿ ಗರಗಸ. ಕೊಕ್ಕೊ ಸವರಲು, ಮೆಣಸಿನ ಆಸರೆ ಮರದ ಕೊಂಬೆ ತೆಗೆಯಲು, ದಾರಿಗೆ ಬಿದ್ದದ್ದನ್ನು ಕತ್ತರಿಸಲು ಕತ್ತಿಗಿಂತ ಎಷ್ಟೋ ಬೇಗ. ಒಂದು ಕೊಂಬೆಗೆ ಅದು ಓಡುವುದು ಕೆಲವೇ ಸೆಕೆಂಡು, ಹಾಗಾಗಿ ಸಣ್ಣ ಬ್ಯಾಟರಿಯಲ್ಲೂ ಬಹಳ ಕೆಲಸ ಆಗುತ್ತದೆ. ಸ್ಟಿಲ್, ಮಕೀಟಾ, ಬಾಷ್ ಎಲ್ಲರದ್ದೂ ಇಲ್ಲೇ ಸಿಗುತ್ತದೆ. ಸ್ಟಿಲ್ ತಗೊಂಡರೆ ಎಕೆ, ಎಪಿ ಅಂತ ಅವರಲ್ಲಿ ಬೇರೆ ಬೇರೆ ಬ್ಯಾಟರಿ ಇದೆ, ಎರಡೂ 36 ವೋಲ್ಟೇ ಆದರೂ ಒಂದರದ್ದು ಇನ್ನೊಂದಕ್ಕೆ ಆಗದು, ಕೇಳಿ ತಗೊಳ್ಳಿ. ಚೈನಿಗೆ ಎಣ್ಣೆ ಹಾಕುವುದು ಬ್ಯಾಟರಿ ಗರಗಸಕ್ಕೂ ತಪ್ಪಿದ್ದಲ್ಲ, ಪೆಟ್ರೋಲ್ ಇಲ್ಲ ಅಂತ ಅದನ್ನೂ ಮರೆತು ಬಾರ್ (ಚೈನ್ ಓಡುವ ಪಟ್ಟಿ) ಸುಟ್ಟುಕೊಂಡವರು ನಮ್ಮೂರಲ್ಲೇ ಇದ್ದಾರೆ. ಮಗನಿಗೆ ಸೆಟ್ಟಿನ ಬದಲು ಒಳ್ಳೆಯ ಕಣ್ಣಿನ ಕನ್ನಡಕ, ಕಿವಿಗೆ ಮಫ್ ತರಲು ಹೇಳಿ. ಅದಕ್ಕೆ ಯಾವ ಸೆಕ್ಯೂರಿಟಿಯವರೂ ಅಡ್ಡ ಹಾಕುವುದಿಲ್ಲ.

ಪ್ರಶ್ನೆ: ಮೈಸೂರಿನಲ್ಲಿ 60x40 ಸೈಟಿನ ಮನೆ. ಮುಂದೆ 500 ಚದರಡಿ ಹುಲ್ಲುಹಾಸು, ಸುತ್ತ ದಾಸವಾಳದ ಬೇಲಿ. ನಾನು, ನನ್ನ ಹೆಂಡತಿ ಇಬ್ಬರೇ, ಇಬ್ಬರಿಗೂ 65 ದಾಟಿದೆ. ಮಗ ಬಿಟ್ಟುಹೋದ ಬಾಷ್‌ನ ನೀಲಿ ಬಣ್ಣದ 18 ವೋಲ್ಟ್ ಡ್ರಿಲ್ ಇದೆ. ಅದರ ಬ್ಯಾಟರಿಯನ್ನೇ ಹಾಕಿ ಓಡಿಸಬಹುದಾದ ಹಸಿರು ಬಣ್ಣದ ಗಾರ್ಡನ್ ಸೆಟ್ ತಗೊಳ್ಳಬಹುದಾ?

ಉತ್ತರ: ಆಗುವುದಿಲ್ಲ. ನೀಲಿ ವೃತ್ತಿಯವರದ್ದು, ಹಸಿರು ಮನೆಯವರದ್ದು, ಎರಡೂ 18 ವೋಲ್ಟ್ ಆದರೂ ಒಂದರ ಬ್ಯಾಟರಿ ಇನ್ನೊಂದಕ್ಕೆ ಕೂರುವುದಿಲ್ಲ. ಒಂದೇ ಮನೆಯ ಅಣ್ಣತಮ್ಮಂದಿರು, ಪಾಲು ಮಾತ್ರ ಬೇರೆ. ಬ್ಯಾಟರಿ ಹಂಚಿಕೊಳ್ಳಬೇಕಾದರೆ ನೀಲಿಯಲ್ಲೇ ಹುಡುಕಿ.

ಆದರೆ ನಿಮಗೆ ಬ್ಯಾಟರಿ ಸೆಟ್ಟೇ ಯಾಕೆ ಬೇಕು? 500 ಚದರಡಿಗೆ ಮೋಟಾರಿಲ್ಲದ, ತಳ್ಳಿದರೆ ಉರುಳಿ ಕತ್ತರಿಸುವ ಕೈ ಮೋವರ್ ಸಾಕು. ಅದು ಹಗುರ, ಸದ್ದಿಲ್ಲ, ಹತ್ತು ವರ್ಷವಾದರೂ ಬ್ಲೇಡ್ ಸಾಣೆ ಹಿಡಿಸಿದರೆ ಮುಗಿಯಿತು. ತಳ್ಳುವುದು ಕಷ್ಟ ಅಂದರೆ ವೈರಿನ ಮೋವರ್ ತಗೊಳ್ಳಿ. ಪ್ಲಗ್ ಪಾಯಿಂಟಿನಿಂದ ಗೇಟಿಗೆ ಎಷ್ಟು ದೂರ, 40 ಅಡಿಯೇ ಅಲ್ವಾ? ಹೊರಗಿನ ಪಾಯಿಂಟಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಹಾಕಿಸಿರಬೇಕು, ವೈರು ಸದಾ ಬೆನ್ನ ಹಿಂದೆ ಇರಬೇಕು, ಹುಲ್ಲು ಒದ್ದೆ ಇದ್ದ ದಿನ ಮುಟ್ಟಬಾರದು. ದಾಸವಾಳಕ್ಕೆ ಒಳ್ಳೆಯ ಕತ್ತರಿ ಇದ್ದರೆ ಬೆಳಗಿನ ಹೊತ್ತು ನಿಮ್ಮಿಬ್ಬರಿಗೂ ಒಂದು ಕೆಲಸವಾಯಿತು.

ಪ್ರಶ್ನೆ: ಮಿನಿಯಾಪೊಲಿಸ್‌ನಿಂದ ಬರೆಯುತ್ತಿದ್ದೇನೆ. ನವೆಂಬರ್‌ನಲ್ಲಿ ಸೆಟ್ಟನ್ನೆಲ್ಲ ಗ್ಯಾರೇಜಿನಲ್ಲಿಟ್ಟೆ. ಏಪ್ರಿಲ್‌ನಲ್ಲಿ ತೆಗೆದರೆ ಒಂದು ಬ್ಯಾಟರಿ ಚಾರ್ಜೇ ಆಗುತ್ತಿಲ್ಲ. ಕೆಟ್ಟಿತಾ?

ಉತ್ತರ: ಒಂದು ದಿನ ಮನೆಯೊಳಗೆ ಇಟ್ಟು ಇನ್ನೊಮ್ಮೆ ಪ್ರಯತ್ನಿಸಿ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಒಳಗೆ ಲೋಹ ಕಟ್ಟಿಕೊಂಡು ಶಾಶ್ವತವಾಗಿ ಹಾಳಾಗುತ್ತದೆ. ಒಳ್ಳೆಯ ಚಾರ್ಜರ್ ಅದನ್ನು ಗೊತ್ತುಮಾಡಿಕೊಂಡು ತಾನೇ ನಿಲ್ಲಿಸುತ್ತದೆ. ಬೆಚ್ಚಗಾದ ಮೇಲೂ ಆಗದಿದ್ದರೆ ಪೂರ್ತಿ ಖಾಲಿ ಮಾಡಿ ಇಟ್ಟಿದ್ದಿರಿ ಅಂತ ಕಾಣುತ್ತದೆ. ಐದು ತಿಂಗಳಲ್ಲಿ ಇನ್ನೂ ಇಳಿದು ಏಳದ ಮಟ್ಟಕ್ಕೆ ಹೋಗಿರುತ್ತದೆ. ಗ್ಯಾರಂಟಿ ಇದ್ದರೆ ಕೇಳಿ ನೋಡಿ, ಇನ್ನೊಂದು ಬ್ಯಾಟರಿಯಿಂದ ‘ಜಂಪ್’ ಮಾಡಿ ಎಬ್ಬಿಸುವ ವಿಡಿಯೊ ನೋಡಿ ತಂತಿ ಜೋಡಿಸಲು ಹೋಗಬೇಡಿ. ಮುಂದಿನ ಸಲ ಮಿಷನ್ ಗ್ಯಾರೇಜಿನಲ್ಲಿ ಇರಲಿ, ಬ್ಯಾಟರಿ ಅರ್ಧ ಚಾರ್ಜಿನಲ್ಲಿ ಮನೆಯೊಳಗಿನ ಕಪಾಟಿನಲ್ಲಿ ಇರಲಿ.

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆಯ ಹಿಂದೆ ಎರಡು ನುಗ್ಗೆ, ಒಂದು ಸೀಬೆ ಮರ ಇದೆ. ಆನ್‌ಲೈನ್‌ನಲ್ಲಿ ‘88 ವಿಎಫ್’ ಮಿನಿ ಚೈನ್ ಸಾ, ಎರಡು ಬ್ಯಾಟರಿ ಸೇರಿ ಎರಡೂವರೆ ಸಾವಿರಕ್ಕೆ ಬರುತ್ತಿದೆ. 88 ವೋಲ್ಟ್ ಅಂದರೆ ಒಳ್ಳೆಯದೇ ಅಲ್ವಾ?

ಉತ್ತರ: ಅದು 88 ವೋಲ್ಟ್ ಅಲ್ಲ, 88 ‘ವಿಎಫ್’. ಆ ‘ಎಫ್’ ಏನು ಅಂತ ಯಾವ ಪಠ್ಯಪುಸ್ತಕದಲ್ಲೂ ಇಲ್ಲ, ಅದು ಮಾರುವವನ ಜಾಣ್ಮೆ. ಬಿಚ್ಚಿ ನೋಡಿದರೆ ಒಳಗೆ ಐದೇ ಸೆಲ್ ಇರುತ್ತವೆ, ಅಂದರೆ ಮೇಲೆ ಹೇಳಿದ 18 ವೋಲ್ಟ್. ಬೇಕಾದರೆ ಮಲ್ಟಿಮೀಟರ್ ಹಿಡಿದು ನೋಡಿ, ಪೂರ್ತಿ ಚಾರ್ಜಿನಲ್ಲಿ 21ರ ಹತ್ತಿರ ತೋರಿಸುತ್ತದೆ. ಆಂಪಿಯರ್-ಅವರ್ ಬರೆದಿಲ್ಲದ ಬ್ಯಾಟರಿ ತಗೊಳ್ಳಲೇಬೇಡಿ.

ನುಗ್ಗೆ ಕೊಂಬೆ ಮೆತ್ತಗೆ, ಅಗ್ಗದ್ದೂ ಕತ್ತರಿಸೀತು, ಅದು ಪ್ರಶ್ನೆಯಲ್ಲ. ಇವು ಒಂದೇ ಕೈಯಲ್ಲಿ ಹಿಡಿಯುವಷ್ಟು ಹಗುರ, ಹಾಗಾಗಿ ಇನ್ನೊಂದು ಕೈ ತಾನಾಗೇ ಕೊಂಬೆ ಹಿಡಿಯಲು ಹೋಗುತ್ತದೆ, ಏಟಾಗುವುದು ಆ ಕೈಗೇ. ಸ್ವಿಚ್ಚಿನ ಪಕ್ಕ ಲಾಕ್ ಗುಂಡಿ ಇದೆಯಾ, ಚೈನಿನ ಮೇಲೆ ಮುಚ್ಚಳ ಇದೆಯಾ ನೋಡಿ. ಇಲ್ಲದಿದ್ದರೆ ವಾಪಸ್ ಕಳಿಸಿ. ಮೂರೇ ಮರಕ್ಕೆ ನನ್ನನ್ನು ಕೇಳಿದರೆ, ಉದ್ದ ಕೋಲಿಗೆ ಸಿಕ್ಕಿಸುವ ಮಡಚುವ ಗರಗಸ ತಗೊಳ್ಳಿ. ನುಗ್ಗೆ ಮರಕ್ಕೆ ಏಣಿ ಇಟ್ಟು ಹತ್ತುವುದಂತೂ ಬೇಡವೇ ಬೇಡ, ಅದರ ಕೊಂಬೆ ಹೇಳದೆ ಕೇಳದೆ ಮುರಿಯುತ್ತದೆ.